ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯೂ ನೋವಿನ ಶಮನವೂ

ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವುದು ಬೆನ್ನೆಲುಬು. ಅದರ ಕೊಳವೆಯೊಳಗೆ ಅಡಗಿರುವ ಬೆನ್ನುಹುರಿಯು ಕೈಕಾಲುಗಳ ನೋವನ್ನು ಮಿದುಳಿಗೆ ಮುಟ್ಟಿಸುವ ದಾರಿ. ಮಿದುಳಿನ ಅಪ್ಪಣೆಯನ್ನು ಕೈಕಾಲುಗಳಿಗೆ ತಲಪಿಸುವ ದಾರಿಯೂ ಅದೇ. ನೋವೂ ನಡೆಯೂ ಹೀಗೆ ಒಂದೇ ದಾರಿಯಲ್ಲಿ ಸಂಚರಿಸುವುದರಿಂದ, ಬೆನ್ನೆಲುಬಿಗೆ ಶಸ್ತ್ರವನ್ನಿಡುವ ವೈದ್ಯನಿಗೆ ಒಂದು ವಿಶೇಷವಾದ ಇಕ್ಕಟ್ಟು ಒದಗಿತು. ನೋವನ್ನು ಪೂರ್ಣವಾಗಿ ಅಡಗಿಸಹೋದರೆ ಚಲನೆಯೂ ಅಡಗೀತು. ಚಲನೆಯನ್ನು ಕಾಯಹೋದರೆ ರೋಗಿಗೆ ನೋವನ್ನು ಸಹಿಸೆಂದು ಹೇಳಬೇಕಾದೀತು. ಬೆನ್ನಿನ ಮೂಲಕ ಇತರ ಅಂಗಗಳ ನೋವನ್ನು ಕಳೆಯುವ ವಿದ್ಯೆಯು ೧೮೯೮ರಲ್ಲಿಯೇ ಮನುಷ್ಯನ ಕೈಸೇರಿತು. ಆದರೆ ಬೆನ್ನಿಗೇ ಶಸ್ತ್ರಚಿಕಿತ್ಸೆಯಾದವನ ನೋವನ್ನು ಕಳೆದು, ಅವನನ್ನು ಅದೇ ದಿನ ಎಬ್ಬಿಸಿ ನಡೆಯಿಸುವುದಕ್ಕೆ ಮತ್ತೊಂದು ಶತಮಾನವೇ ಬೇಕಾಯಿತು. ಈ ವಿಳಂಬಕ್ಕೆ ಔಷಧಗಳ ಅಭಾವವೊಂದೇ ಕಾರಣವಲ್ಲ. ನೋವನ್ನು ಏತಕ್ಕಾಗಿ ಕಳೆಯಬೇಕೆಂಬ ಪ್ರಶ್ನೆಗೆ ಸರಿಯಾದ ಉತ್ತರ ಬಹುಕಾಲ ದೊರೆಯದೆ ಹೋದುದೇ ಮುಖ್ಯ ಕಾರಣ.

ಬೆನ್ನೆಲುಬಿಗೆ ಪೆಟ್ಟಾದಾಗ ಪ್ರಾಚೀನರಿಗೆ ತೋಚಿದ ಮಾರ್ಗಗಳು ಎರಡು: ಕೈಬಿಡುವುದು, ಇಲ್ಲವೆ ಅಲುಗದಂತೆ ಕಟ್ಟಿ ಮಲಗಿಸುವುದು. ಈಜಿಪ್ಟ್ ದೇಶದಲ್ಲಿ ದೊರೆತು ಎಡ್ವಿನ್ ಸ್ಮಿತ್ ಎಂಬಾತನ ಹೆಸರಿನಿಂದ ಪ್ರಸಿದ್ಧವಾಗಿರುವ, ಕ್ರಿಸ್ತಪೂರ್ವ ೧೬೦೦ರ ಸುಮಾರಿನ ಪಪೈರಸ್ ಸುರುಳಿಯಲ್ಲಿ ೪೮ ರೋಗಿಗಳ ವಿಚಾರವಿದೆ. ಕುತ್ತಿಗೆಯ ಮಣಿ ಜಾರಿ ಕೈಕಾಲುಗಳ ಅರಿವು ತಪ್ಪಿದವನ ವ್ಯಾಧಿಯು ಚಿಕಿತ್ಸೆಗೆ ಒಳಪಡತಕ್ಕದ್ದಲ್ಲವೆಂಬುದು ಅದರ ಕರ್ತೃವಿನ ತೀರ್ಮಾನ. ನಮ್ಮ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ಕಪಾಟಶಯನ’ವೆಂಬ ವಿಧಾನವು ಹೇಳಲ್ಪಟ್ಟಿದೆ. ತೊಡೆ, ಕಣಕಾಲು, ಸೊಂಟ, ಬೆನ್ನೆಲುಬು ಮುಂತಾದುವು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಗೂಟಗಳಿಗೆ ಬಂಧಿಸಿ, ಮುರಿದ ಭಾಗ ಚಲಿಸದಂತೆ ಇಡತಕ್ಕದ್ದೆಂದು ಅದರ ತಾತ್ಪರ್ಯ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ಇನ್ನೊಂದು ಮಾತಿದೆ. ಕೆಲವು ರೋಗಗಳನ್ನು ಬಿಟ್ಟು ಉಳಿದೆಡೆಗಳಲ್ಲಿ ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಆಹಾರವನ್ನು ಕೊಡಬೇಕು. ಮದ್ಯದ ಅಭ್ಯಾಸವುಳ್ಳವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕು. ಅನ್ನದ ಬಲದಿಂದ ಅವನು ಮೂರ್ಛೆಹೋಗುವುದಿಲ್ಲ, ಮದ್ಯದ ಅಮಲಿನಿಂದ ಶಸ್ತ್ರದ ನೋವನ್ನರಿಯುವುದಿಲ್ಲ ಎಂದು ಅಲ್ಲಿ ಕಾರಣವನ್ನೂ ಕೊಟ್ಟಿದೆ. ನೋವನ್ನು ಕಳೆಯುವುದೂ ರೋಗಿಯ ಬಲವನ್ನು ಕಾಪಾಡುವುದೂ ಜೊತೆಜೊತೆಯಾಗಿ ಸಾಗಬೇಕಾದ ಕಾರ್ಯಗಳೆಂಬ ಅರಿವು ಈ ಮಾತಿನಲ್ಲಿ ಅಡಗಿದೆ. ಮುಂದೆ ಬಹುಕಾಲ ಆ ಅರಿವು ಮರೆಯಾಗಿಯೇ ಉಳಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ನೋವಿನ ಚರಿತ್ರೆಯು ತೀವ್ರಗತಿಯಿಂದ ಬದಲಾಯಿತು. ಜರ್ಮನಿಯ ಔಷಧಕಾರನಾದ ಸೆರ್ಟ್ಯೂರ್ನರನು ಅಫೀಮಿನ ಸತ್ತ್ವವನ್ನು ಬೇರ್ಪಡಿಸಿ ೧೮೧೭ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದನು. ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಅದು ಮಾರ್ಫಿನ್ ಎನಿಸಿಕೊಂಡಿತು. ೧೮೪೬ನೆಯ ಅಕ್ಟೋಬರ್ ೧೬ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ನನು ಈಥರಿನ ಶಕ್ತಿಯನ್ನು ಬಹಿರಂಗವಾಗಿ ತೋರಿಸಿದನು. ಮರುವರ್ಷವೇ ಎಡಿನ್‌ಬರೋವಿನ ಸಿಂಪ್ಸನ್ನನು ಕ್ಲೋರೋಫಾರಮ್ಮನ್ನು ಬಳಕೆಗೆ ತಂದನು. ೧೮೫೩ರಲ್ಲಿ ಅದೇ ನಗರದ ಅಲೆಗ್ಸಾಂಡರ್ ವುಡ್ ಎಂಬ ವೈದ್ಯನು ಚರ್ಮದಡಿಗೆ ಸೂಜಿಯ ಮೂಲಕ ಮಾರ್ಫಿನ್ ಹಾಕಿದುದರಿಂದ, ಶಸ್ತ್ರಕ್ರಿಯೆಯು ಮುಗಿದ ಮೇಲಣ ನೋವಿಗೂ ಒಂದು ಪರಿಹಾರ ದೊರೆತಂತಾಯಿತು. ೧೮೬೭ರಲ್ಲಿ ಲಿಸ್ಟರನು ಗಾಯ ಕೀವಾಗದಂತೆ ತಡೆಯುವ ಕ್ರಮವನ್ನು ಪ್ರಕಟಿಸಿದ ಬಳಿಕ ಬೆನ್ನೆಲುಬನ್ನು ತೆರೆಯುವ ಧೈರ್ಯವೂ ಬಂದಿತು.

ಆ ಧೈರ್ಯದ ಪ್ರಸಿದ್ಧವಾದ ಉದಾಹರಣೆ ಲಂಡನ್ ನಗರದ್ದು. ಬೆನ್ನಿನ ಕ್ರೂರವಾದ ನೋವಿನಿಂದ ಮೂರು ವರ್ಷ ಬಳಲಿ, ಕಡೆಗೆ ಕಾಲುಗಳ ಸ್ವಾಧೀನವನ್ನೂ ಕಳೆದುಕೊಂಡ ಒಬ್ಬ ಸೈನ್ಯಾಧಿಕಾರಿಯನ್ನು ವಿಲಿಯಂ ಗವರ್ಸ್ ಎಂಬ ನರರೋಗತಜ್ಞನು ಪರೀಕ್ಷಿಸಿದನು. ಬೆನ್ನುಹುರಿಯನ್ನು ಒಂದು ಗಂತಿಯು ಒತ್ತುತ್ತಿರುವುದೆಂದು ಆತನು ನಿಶ್ಚಯಿಸಿದ ಮೇಲೆ, ೧೮೮೭ನೆಯ ಜೂನ್ ೯ರಂದು ವಿಕ್ಟರ್ ಹಾರ್ಸ್ಲೀಯು ಬೆನ್ನನ್ನು ತೆರೆದನು. ಹೇಳಿದ ಸ್ಥಳದಲ್ಲಿ ಗಂತಿಯು ಮೊದಲು ಕಾಣಲಿಲ್ಲ. ಎಲುಬನ್ನು ಇನ್ನೂ ಮೇಲಕ್ಕೆ ಕತ್ತರಿಸಿ ನೋಡಿದಾಗ ಅದು ದೊರೆಯಿತು, ಅದನ್ನು ತೆಗೆಯಲಾಯಿತು. ಕಾಲುಗಳ ಶಕ್ತಿಯು ಕ್ರಮೇಣ ಮರಳಿ, ಒಂದು ವರ್ಷ ಕಳೆಯುವಷ್ಟರಲ್ಲಿ ಆತನು ನಿಂತು ನಡೆದು ದಿನವಿಡೀ ದುಡಿಯಬಲ್ಲವನಾದನು. ಬೆನ್ನುಹುರಿಯ ಗಂತಿಯನ್ನು ತೆಗೆದು ರೋಗಿಯನ್ನು ಗುಣಪಡಿಸಬಹುದೆಂಬುದು ಅಂದಿನಿಂದ ಸಿದ್ಧಾಂತವಾಯಿತು. ಆದರೆ ಅರಿವಳಿಕೆಯ ಔಷಧವು ಕಾಯುತ್ತಿದ್ದುದು ಶಸ್ತ್ರದ ಗಳಿಗೆಯನ್ನು ಮಾತ್ರ. ರೋಗಿ ಎಚ್ಚತ್ತ ಮೇಲೆ ಬರುವ ರಾತ್ರಿಗಳಿಗೆ ಮಾರ್ಫಿನ್ನೊಂದೇ ಗತಿ. ಅದರ ಫಲವೋ ಮಂಕು, ವಾಂತಿ, ಮಲಬದ್ಧತೆ, ಅತಿಯಾದರೆ ಉಸಿರು ಕುಗ್ಗುವ ಅಪಾಯ.

ಹೀಗಿರುವಾಗ ೧೮೯೮ನೆಯ ಆಗಸ್ಟ್ ೧೬ರಂದು ಜರ್ಮನಿಯ ಕೀಲ್ ನಗರದಲ್ಲಿ ಅಗಸ್ಟ್ ಬೀರ್ ಎಂಬ ಶಸ್ತ್ರವೈದ್ಯನು ಒಬ್ಬ ಕೂಲಿಗಾರನ ಬೆನ್ನುಮಣಿಗಳ ನಡುವೆ ಸೂಜಿಯನ್ನು ಚುಚ್ಚಿ, ಬೆನ್ನುಹುರಿಯನ್ನು ಸುತ್ತಿರುವ ದ್ರವದೊಳಕ್ಕೆ ಕೊಕೇನನ್ನು ಸೇರಿಸಿದನು. ರೋಗಿಗೆ ಎಚ್ಚರವಿದ್ದಂತೆಯೇ ಅವನ ಕಾಲಿಗೆ ನೋವಿಲ್ಲದೆ ಶಸ್ತ್ರಕ್ರಿಯೆ ನಡೆಯಿತು. ಕೊಕೇನ್ ನರಗಳನ್ನು ಮರಗಟ್ಟಿಸುವುದೆಂಬುದನ್ನು ೧೮೮೪ರಲ್ಲಿ ಕೊಲ್ಲರನು ಕಣ್ಣಿನ ಮೇಲೆ ತೋರಿಸಿದ್ದನು. ೧೮೮೫ರಲ್ಲಿ ನ್ಯೂಯಾರ್ಕಿನ ಕಾರ್ನಿಂಗನು ಅದನ್ನು ಬೆನ್ನಿನ ಕಡೆಗೂ ಒಯ್ದಿದ್ದನು. ಬೀರನು ಶಸ್ತ್ರಕ್ರಿಯೆಗೆ ಅದನ್ನು ಕ್ರಮಬದ್ಧವಾಗಿ ಬಳಸಿದ ಮೊದಲಿಗನು. ಇದಾದ ಎಂಟು ದಿನಗಳಿಗೆ ಆತನೂ ಆತನ ಸಹಾಯಕನಾದ ಹಿಲ್ಡೆಬ್ರಾಂಟನೂ ಒಬ್ಬರ ಮೇಲೊಬ್ಬರು ಪ್ರಯೋಗ ನಡೆಸಿದರು. ಪಿಚಕಾರಿಯು ಸೂಜಿಗೆ ಸರಿಹೊಂದದೆ ಬೀರನ ಬೆನ್ನಿನಿಂದ ದ್ರವವು ಸೋರಿಹೋಗಿ ಮೊದಲ ಪ್ರಯತ್ನ ಕೆಟ್ಟಿತು. ಬಳಿಕ ಹಿಲ್ಡೆಬ್ರಾಂಟನ ಬೆನ್ನಿಗೆ ಔಷಧ ಹಾಕಿ, ಅವನ ಕಾಲನ್ನು ಸೂಜಿಯಿಂದ ಚುಚ್ಚಿ, ಉರಿಯುವ ಚುಟ್ಟದಿಂದ ಸುಟ್ಟು, ಮೊಳಕಾಲಿನ ಕೆಳಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದು ನೋಡಿದರು. ನೋವೆಂಬುದೇ ಇರಲಿಲ್ಲ. ಆದರೆ ಸೋರಿದ ದ್ರವದ ಫಲವಾಗಿ ಬೀರನು ತಲೆನೋವಿನಿಂದ ಒಂಬತ್ತು ದಿನ ಹಾಸಿಗೆ ಹಿಡಿಯಬೇಕಾಯಿತು.

ಇದರಿಂದ ಕಾಲು, ಸೊಂಟ, ಹೊಟ್ಟೆಗಳ ಶಸ್ತ್ರಚಿಕಿತ್ಸೆಗೆ ಮಹೋಪಕಾರವಾಯಿತು. ೧೯೨೧ರಲ್ಲಿ ಸ್ಪೇನ್ ದೇಶದ ಫಿದೆಲ್ ಪಾಹೆಸ್ ಎಂಬ ಸೈನ್ಯವೈದ್ಯನು ಬೆನ್ನುಹುರಿಯ ಹೊರಪೊರೆಯ ಆಚೆಗೇ ಔಷಧವನ್ನು ನಿಲ್ಲಿಸುವ ಕ್ರಮವನ್ನು ವಿವರಿಸಿದನು. ಕೊಕೇನಿಗೆ ಬದಲಾಗಿ ಅದಕ್ಕಿಂತ ಅಪಾಯ ಕಡಿಮೆಯಾದ ಪ್ರೊಕೇನ್, ಆಮೇಲೆ ಲಿಡೊಕೇನ್, ಬುಪಿವಕೇನ್ ಮೊದಲಾದುವು ಬಂದುವು. ಇಷ್ಟಾದರೂ ಬೆನ್ನೆಲುಬಿನ ಶಸ್ತ್ರವೈದ್ಯರು ಈ ದಾರಿಯಿಂದ ದೂರವೇ ಉಳಿದರು. ಅದಕ್ಕೆ ಎರಡು ಕಾರಣಗಳುಂಟು. ಒಂದು ಹಾಸಿಗೆಯ ಮೇಲಣ ಭಕ್ತಿ. ಇನ್ನೊಂದು ಮರಗಟ್ಟುವಿಕೆಯ ಭಯ.

ಮೊದಲನೆಯದನ್ನು ನೋಡೋಣ. ೧೮೬೩ರಲ್ಲಿ ಲಂಡನ್ನಿನ ಜಾನ್ ಹಿಲ್ಟನ್ನನು ವಿಶ್ರಾಂತಿಯ ಗುಣವನ್ನೂ ನೋವಿನ ಅರ್ಥವನ್ನೂ ಕುರಿತು ಪ್ರಸಿದ್ಧವಾದ ಗ್ರಂಥವೊಂದನ್ನು ಪ್ರಕಟಿಸಿದನು. ನೋವಾದ ಅಂಗವನ್ನು ನಿಶ್ಚಲವಾಗಿಡಬೇಕೆಂಬುದು ಅದರ ಸಾರ. ಲಿವರ್ಪೂಲಿನ ಹ್ಯೂ ಓವನ್ ಥಾಮಸನು ಇದೇ ತತ್ತ್ವವನ್ನು ಇನ್ನೂ ಬಲವಾಗಿ ಪ್ರತಿಪಾದಿಸಿದನು. ಆ ಕಾಲದಲ್ಲಿ ಬೆನ್ನೆಲುಬನ್ನು ತಿನ್ನುತ್ತಿದ್ದ ಮುಖ್ಯ ರೋಗವು ಕ್ಷಯ. ಅದಕ್ಕೆ ಔಷಧವಿರಲಿಲ್ಲ, ಸ್ಟ್ರೆಪ್ಟೋಮೈಸಿನ್ ದೊರೆತುದು ೧೯೪೩ರಲ್ಲಿ. ಕೊಳೆಯುತ್ತಿರುವ ಮಣಿಗಳ ಮೇಲೆ ಭಾರ ಬೀಳದಂತೆ ಮಲಗಿಸುವುದು ಅಂದಿಗೆ ಯುಕ್ತವೇ ಆಗಿದ್ದಿತು. ೧೯೧೧ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್, ಫ್ರೆಡ್ ಆಲ್ಬೀ ಎಂಬಿಬ್ಬರು ಪ್ರತ್ಯೇಕವಾಗಿ, ರೋಗ ತಗಲಿದ ಮಣಿಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಆಲ್ಬೀಯು ರೋಗಿಯ ಕಣಕಾಲಿನ ಎಲುಬಿನ ಚೂರನ್ನೇ ತೆಗೆದು ಬೆನ್ನಿಗೆ ಕೂಡಿಸುತ್ತಿದ್ದನು. ಬೆಸುಗೆಯು ಗಟ್ಟಿಯಾಗುವವರೆಗೆ ರೋಗಿಯು ವಾರಗಟ್ಟಲೆ ಮಲಗಿರಬೇಕಾಗಿದ್ದಿತು.

ಮುಂದೆ ೧೯೩೪ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಹೊಸ ವಿಷಯವನ್ನು ಬೆಳಕಿಗೆ ತಂದರು. ಮಣಿಗಳ ನಡುವಣ ಮೆತ್ತೆ, ಎಂದರೆ ಡಿಸ್ಕು, ಒಡೆದು ಹೊರಕ್ಕೆ ಚಾಚಿ ನರದ ಬೇರನ್ನು ಒತ್ತುವುದರಿಂದ ಸೊಂಟದಿಂದ ಕಾಲಿನವರೆಗೆ ಹರಿಯುವ ನೋವು ಉಂಟಾಗಬಹುದೆಂದೂ, ಆ ಚೂರನ್ನು ತೆಗೆದರೆ ನೋವು ನೀಗುವುದೆಂದೂ ಅವರು ತೋರಿಸಿದರು. ಇಲ್ಲಿ ಕ್ಷಯವಿಲ್ಲ, ಕೊಳೆತ ಎಲುಬಿಲ್ಲ. ಆದರೂ ಕ್ಷಯರೋಗಿಗೆ ಹಾಸಿದ್ದ ಹಾಸಿಗೆಯೇ ಈ ರೋಗಿಗೂ ಬಂದಿತು. ಒಂದು ರೋಗದಲ್ಲಿ ನ್ಯಾಯವಾಗಿದ್ದ ನಿಯಮವು ಆ ನ್ಯಾಯವಿಲ್ಲದ ಇನ್ನೊಂದು ರೋಗಕ್ಕೆ ರೂಢಿಯ ಬಲದಿಂದಲೇ ನಡೆದುಬಂದಿತು. ಮಲಗಿಯೇ ಇರುವವನಿಗೆ ನೋವು ಅಷ್ಟಾಗಿ ಕಾಣದು. ಆದಕಾರಣ ಅವನ ನೋವನ್ನು ಕಳೆಯುವ ತವಕವೂ ವೈದ್ಯನಿಗೆ ಅಷ್ಟಾಗಿ ಉಂಟಾಗಲಿಲ್ಲ.

ಹಾಸಿಗೆಯ ದೋಷವನ್ನು ಕಂಡವರು ಇರಲಿಲ್ಲವೆಂದಲ್ಲ. ೧೮೯೯ರಲ್ಲಿಯೇ ಷಿಕಾಗೋವಿನ ಎಮಿಲ್ ರೀಸ್ ಎಂಬಾತನು ಶಸ್ತ್ರಕ್ರಿಯೆಯಾದ ಸ್ತ್ರೀಯರನ್ನು ಬೇಗನೆ ಎಬ್ಬಿಸುವುದರಿಂದ ಒಳ್ಳೆಯದಾಗುವುದೆಂದು ಬರೆದನು; ಅದನ್ನು ಕೇಳಿದವರು ವಿರಳ. ೧೯೪೦ರ ದಶಕದಲ್ಲಿ ಡಿಟ್ರಾಯಿಟ್ ನಗರದ ಲೀಥೌಸರನು ಹೊಟ್ಟೆಯ ಶಸ್ತ್ರಕ್ರಿಯೆಯಾದವರನ್ನು ಬೇಗನೆ ನಡೆಯಿಸಿ, ಅದರ ಗುಣವನ್ನು ಕುರಿತು ಗ್ರಂಥವನ್ನೇ ರಚಿಸಿದನು. ೧೯೪೭ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಷರನು ಹಾಸಿಗೆಯಿಂದಾಗುವ ಅಪಾಯಗಳನ್ನು ಅಂಗಾಂಗವಾಗಿ ಎಣಿಸಿ ಲೇಖನವನ್ನು ಬರೆದನು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ, ಶ್ವಾಸಕೋಶದ ಬುಡದಲ್ಲಿ ಕಫ ನಿಲ್ಲುತ್ತದೆ, ಚರ್ಮವು ಹುಣ್ಣಾಗುತ್ತದೆ, ಮಾಂಸಖಂಡಗಳು ಕರಗುತ್ತವೆ, ಎಲುಬಿನ ಸುಣ್ಣದ ಅಂಶವು ಸೋರಿಹೋಗುತ್ತದೆ, ಮನಸ್ಸು ಕುಗ್ಗುತ್ತದೆ. ಬೆಸೆದ ಎಲುಬು ಗಟ್ಟಿಯಾಗಲೆಂದು ಮಲಗಿಸಿದವನ ಉಳಿದ ಎಲುಬುಗಳೆಲ್ಲ ಮಲಗಿದ್ದರಿಂದಲೇ ಬಲಗುಂದುವುದು ಎಂಥ ವಿಪರ್ಯಾಸ! ಆದರೆ ನೋವಿನಿಂದ ನರಳುವವನನ್ನು ಏಳೆಂದರೆ ಅವನು ಏಳುವುದೆಂತು? ಎಬ್ಬಿಸಬೇಕೆಂದು ಬೋಧಿಸಿದವರ ಕೈಯಲ್ಲಿ, ಬೆನ್ನಿನ ರೋಗಿಯು ಏಳುವಂತೆ ಮಾಡತಕ್ಕ ಸಾಧನವಿರಲಿಲ್ಲ.

ಇನ್ನು ಎರಡನೆಯ ಕಾರಣ. ೧೯೬೨ರಲ್ಲಿ ಹ್ಯೂಸ್ಟನ್ ನಗರದ ಪಾಲ್ ಹ್ಯಾರಿಂಗ್ಟನ್ನನು, ಮುಖ್ಯವಾಗಿ ಪೋಲಿಯೋದಿಂದ ಬೆನ್ನು ಡೊಂಕಾದ ಮಕ್ಕಳಿಗಾಗಿ ತಾನು ರೂಪಿಸಿದ ಲೋಹದ ಸರಳು ಕೊಕ್ಕೆಗಳ ಕ್ರಮವನ್ನು ಪ್ರಕಟಿಸಿದನು. ಡೊಂಕಾದ ಬೆನ್ನನ್ನು ಸರಳಿನ ಬಲದಿಂದ ನೆಟ್ಟಗೆ ಎಳೆದಾಗ ಬೆನ್ನುಹುರಿಯೂ ಜಗ್ಗಿ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪುವ ಸಂಭವವಿದ್ದಿತು. ಅರಿವಳಿದು ಮಲಗಿರುವವನಲ್ಲಿ ಅದನ್ನು ತಿಳಿಯುವುದು ಹೇಗೆ? ಫ್ರಾನ್ಸಿನ ಲಿಯೋನ್ ನಗರದ ಸ್ತಾಞ್ಯಾರಾ, ವೋಝೆಲ್ ಮೊದಲಾದವರು ಇದಕ್ಕೆ ಕಂಡುಕೊಂಡ ಉಪಾಯವನ್ನು ೧೯೭೩ರಲ್ಲಿ ಪ್ರಕಟಿಸಿದರು. ಶಸ್ತ್ರಕ್ರಿಯೆಯ ನಡುವೆ, ಬೆನ್ನು ಇನ್ನೂ ತೆರೆದಿರುವಾಗಲೇ, ಅರಿವಳಿಕೆಯನ್ನು ತಗ್ಗಿಸಿ ರೋಗಿಯನ್ನು ಎಚ್ಚರಿಸಿ, ಪಾದಗಳನ್ನು ಅಲುಗಿಸೆಂದು ಹೇಳುವುದು. ಅಲುಗಿದರೆ ಮತ್ತೆ ನಿದ್ರೆಗೊಳಿಸಿ ಮುಂದುವರಿಯುವುದು. ಅಲುಗದಿದ್ದರೆ ಎಳೆತವನ್ನು ಕೂಡಲೆ ಸಡಿಲಿಸುವುದು. ಪಾದದ ಆ ಒಂದು ಚಲನೆಗಾಗಿ ಶಸ್ತ್ರವೈದ್ಯನು ಉಸಿರು ಬಿಗಿಹಿಡಿದು ಕಾಯುತ್ತಿದ್ದನು.

ಇಂಥ ವೈದ್ಯನಿಗೆ, ಬೆನ್ನುಹುರಿಯ ಸುತ್ತ ಮರಗಟ್ಟುವ ಔಷಧವನ್ನು ಹಾಕಿ ನೋವನ್ನು ಕಳೆಯೋಣವೆಂದರೆ ಒಪ್ಪಿಗೆಯಾಗುವುದೆಂತು? ಶಸ್ತ್ರಕ್ರಿಯೆಯಾದ ಸ್ಥಳದಲ್ಲಿ ರಕ್ತವು ಕೂಡಿಕೊಂಡು ಹುರಿಯನ್ನು ಒತ್ತತೊಡಗಿದರೆ, ಕಾಲು ಸೋತುದೇ ಅದರ ಮೊದಲ ಸೂಚನೆ. ಔಷಧದಿಂದ ಸೋತ ಕಾಲಿಗೂ ರಕ್ತದ ಒತ್ತಡದಿಂದ ಸೋತ ಕಾಲಿಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಗಂಟೆಗಳು ಕಳೆದರೆ ಕಾಲು ಮತ್ತೆ ಬಾರದು. ಈ ಭಯವು ಆಧಾರವುಳ್ಳದ್ದೇ ಆಗಿದ್ದಿತು. ಆದುದರಿಂದ ರೋಗಿಗೆ ಇಷ್ಟು ಗಂಟೆಗೊಮ್ಮೆ ಮಾರ್ಫಿನ್ ಅಥವಾ ಪೆಥಿಡೀನ್ ಚುಚ್ಚುವುದೇ ರೂಢಿಯಾಗಿ ಉಳಿಯಿತು, ಅದಾದರೂ ಅರೆಹೊಟ್ಟೆಗೆ. ಚಟವು ಹತ್ತೀತೆಂಬ ಅತಿಶಂಕೆಯಿಂದ ವೈದ್ಯರು ಬೇಕಾದಷ್ಟು ಔಷಧವನ್ನು ಕೊಡುತ್ತಿಲ್ಲವೆಂದೂ, ರೋಗಿಗಳು ವೃಥಾ ನರಳುತ್ತಿರುವರೆಂದೂ ಮಾರ್ಕ್ಸ್, ಸ್ಯಾಕರ್ ಎಂಬ ಅಮೆರಿಕದ ವೈದ್ಯರು ೧೯೭೩ರಲ್ಲಿಯೇ ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿ ಬರೆದರು. ರೋಗಿಯು ಗುಂಡಿಯನ್ನು ಒತ್ತಿ, ಗೊತ್ತಾದ ಮಿತಿಯೊಳಗೆ ತನಗೆ ಬೇಕಾದಾಗ ತಾನೇ ಔಷಧವನ್ನು ಪಡೆಯುವ ಯಂತ್ರವನ್ನು ಫಿಲಿಪ್ ಸೆಕ್ಸರನು ೧೯೭೧ರಲ್ಲಿ ವಿವರಿಸಿದ್ದನು. ಅದರಿಂದ ರೋಗಿಯ ದೈನ್ಯವು ಕೊಂಚ ನೀಗಿತು. ಆದರೆ ಔಷಧ ಅದೇ, ಮಂಕು ಅದೇ.

ಈ ನಡುವೆ ನೋವಿನ ಸ್ವರೂಪವನ್ನು ಕುರಿತ ಜ್ಞಾನವು ಬೇರೊಂದು ಕಡೆಯಿಂದ ಬೆಳೆಯುತ್ತಿದ್ದಿತು. ೧೯೬೫ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ವಿದ್ವಾಂಸರು, ಬೆನ್ನುಹುರಿಯು ನೋವನ್ನು ಸುಮ್ಮನೆ ಸಾಗಿಸುವ ತಂತಿಯಲ್ಲ, ಅಲ್ಲಿ ತೆರೆಯುವ ಮುಚ್ಚುವ ಬಾಗಿಲಿನಂತಹ ಏರ್ಪಾಡು ಇದೆಯೆಂದು ಪ್ರತಿಪಾದಿಸಿದರು. ೧೯೭೩ರಲ್ಲಿ, ಅಫೀಮಿನ ಜಾತಿಯ ಔಷಧಗಳು ಹೋಗಿ ಕೂಡಿಕೊಳ್ಳುವ ಗ್ರಾಹಕಗಳು ನರಮಂಡಲದಲ್ಲಿ ಇರುವುದು ಪ್ರಯೋಗದಿಂದ ಸಿದ್ಧವಾಯಿತು. ೧೯೭೬ರಲ್ಲಿ ಯಾಕ್ಷ್ ಮತ್ತು ರೂಡಿ, ಇಲಿಗಳ ಬೆನ್ನುಹುರಿಯ ಬಳಿಗೇ ಮಾರ್ಫಿನ್ನನ್ನು ಒಯ್ದರೆ ನೋವು ಅಡಗುವುದೆಂದು ತೋರಿಸಿದರು. ೧೯೭೯ರಲ್ಲಿ ಅಮೆರಿಕದ ಮೇಯೋ ಆಸ್ಪತ್ರೆಯ ವಾಂಗ್ ಮೊದಲಾದವರು ಕ್ಯಾನ್ಸರಿನಿಂದ ನರಳುತ್ತಿದ್ದ ರೋಗಿಗಳ ಬೆನ್ನಿನ ದ್ರವಕ್ಕೆ ಅತ್ಯಲ್ಪ ಮಾರ್ಫಿನ್ ಸೇರಿಸಿ ದೀರ್ಘಕಾಲದ ಶಮನವನ್ನು ಪಡೆದರು. ಇದರಲ್ಲಿ ಲಕ್ಷಿಸಬೇಕಾದ ಅಂಶವೊಂದುಂಟು. ಕೊಕೇನಿನ ಜಾತಿಯ ಔಷಧವು ಹುರಿಯ ಬಳಿ ನೋವನ್ನೂ ಚಲನೆಯನ್ನೂ ಒಟ್ಟಿಗೆ ತಡೆಯುತ್ತಿದ್ದಿತು. ಅದೇ ಸ್ಥಳಕ್ಕೆ ಹಾಕಿದ ಅಲ್ಪ ಮಾರ್ಫಿನ್ ಚಲನೆಯನ್ನು ಮುಟ್ಟದೆ ನೋವನ್ನು ಮಾತ್ರ ತಗ್ಗಿಸಿತು. ನೂರು ವರ್ಷಗಳ ಇಕ್ಕಟ್ಟಿನಲ್ಲಿ ಮೊದಲ ಬಿರುಕು ಇದು. ಬೆನ್ನಿನ ಶಸ್ತ್ರವೈದ್ಯನಿಗೆ ಹುರಿಯ ಪೊರೆಯು ಕಣ್ಣೆದುರಿಗೇ ಇರುವುದರಿಂದ, ೧೯೮೦ರ ದಶಕದಲ್ಲಿ ಕೆಲವರು ಗಾಯವನ್ನು ಮುಚ್ಚುವ ಮುನ್ನ ಔಷಧವನ್ನು ಅಲ್ಲಿಯೇ ಸೇರಿಸತೊಡಗಿದರು. ಬಹಳ ಹೊತ್ತಿನ ಮೇಲೆ ಉಸಿರು ಕುಗ್ಗುವ ಅಪಾಯವಿದ್ದುದರಿಂದ ಕಾವಲು ಮಾತ್ರ ಅನಿವಾರ್ಯವಾಗಿದ್ದಿತು.

೧೯೮೩ರಲ್ಲಿ ಕ್ಲಿಫರ್ಡ್ ವುಲ್ಫನು ಮತ್ತೊಂದು ಸತ್ಯವನ್ನು ಹೊರಗೆಡಹಿದನು. ಗಾಯದ ನೋವಿನ ಸುರಿಮಳೆಯು ಬೆನ್ನುಹುರಿಯ ನರಕೋಶಗಳನ್ನೇ ಕೆರಳಿಸಿ, ಆಮೇಲೆ ಮೆಲ್ಲಗೆ ಮುಟ್ಟಿದರೂ ನೋಯುವಂತೆ ಮಾಡುತ್ತದೆಂಬುದು ಅದರ ಅರ್ಥ. ನೋವು ಬಂದ ಮೇಲೆ ಅದನ್ನು ಓಡಿಸುವುದಕ್ಕಿಂತ ಬಾರದಂತೆ ತಡೆಯುವುದು ಲೇಸೆಂದು ಇದರಿಂದ ಸ್ಪಷ್ಟವಾಯಿತು. ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲನು, ರೋಗಿಯು ನಿದ್ರೆಯಲ್ಲಿದ್ದರೂ ಶಸ್ತ್ರದ ಪೆಟ್ಟು ನರಗಳಿಗೆ ತಾಗದಿರದೆಂದು ಭಾವಿಸಿ, ಗಾಯದ ಸ್ಥಳವನ್ನು ಮೊದಲೇ ಮರಗಟ್ಟಿಸುವ ಕ್ರಮವನ್ನು ೧೯೧೪ರ ಗ್ರಂಥದಲ್ಲಿ ಬೋಧಿಸಿದ್ದನು. ಆ ಮಾತಿಗೆ ಎಪ್ಪತ್ತು ವರ್ಷಗಳ ಮೇಲೆ ಬೆಂಬಲ ಸಿಕ್ಕಂತಾಯಿತು.

ಚದರಿಹೋಗಿದ್ದ ಈ ಎಳೆಗಳನ್ನು ಹೆಣೆದವನು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್. ಅವನು ಎತ್ತಿಕೊಂಡ ಪ್ರಶ್ನೆಯು ಸರಳವಾದುದು: ಶಸ್ತ್ರಕ್ರಿಯೆಯು ಚೆನ್ನಾಗಿ ನೆರವೇರಿದ ಮೇಲೂ ರೋಗಿಯು ಆಸ್ಪತ್ರೆಯಲ್ಲಿ ಏಕೆ ಉಳಿಯಬೇಕು? ನೋವು, ವಾಂತಿ, ಕರುಳಿನ ಜಡತೆ, ನಿಶ್ಶಕ್ತಿ, ಮೂಗಿನ ನಳಿಗೆ, ಮೂತ್ರದ ನಳಿಗೆ, ರೂಢಿಯ ಉಪವಾಸ — ಇವನ್ನು ಒಂದೊಂದಾಗಿ ಪರಿಶೀಲಿಸಿ, ಅನೇಕ ರೂಢಿಗಳಿಗೆ ಆಧಾರವೇ ಇಲ್ಲವೆಂದು ಅವನು ಕಂಡನು. ಬೇರೆ ಬೇರೆ ಬಗೆಯಲ್ಲಿ ಕೆಲಸ ಮಾಡುವ ಔಷಧಗಳನ್ನು ಅಲ್ಪ ಪ್ರಮಾಣಗಳಲ್ಲಿ ಕೂಡಿಸಿದರೆ ಶಮನವು ಹೆಚ್ಚಿ ದೋಷವು ತಗ್ಗುವುದೆಂದು ೧೯೯೩ರಲ್ಲಿ ಅವನೂ ಡಾಲ್ ಎಂಬಾತನೂ ಬರೆದರು. ೧೯೯೫ರಲ್ಲಿ ಕೆಹ್ಲೆಟನ ತಂಡದವರು, ದೊಡ್ಡ ಕರುಳಿನ ಶಸ್ತ್ರಕ್ರಿಯೆಯಾದ ವೃದ್ಧರನ್ನು ಬೇಗನೆ ಉಣಿಸಿ ನಡೆಯಿಸಿ ಎರಡೇ ದಿನಗಳಲ್ಲಿ ಮನೆಗೆ ಕಳುಹಿಸಿದ ವರದಿಯನ್ನು ಪ್ರಕಟಿಸಿದರು. ೨೦೦೧ರಲ್ಲಿ ಯೂರೋಪಿನ ಕೆಲವು ಶಸ್ತ್ರವೈದ್ಯರು ಸೇರಿ ಈ ಕ್ರಮವನ್ನು ಬೆಳೆಸಲು ಒಂದು ಮಂಡಲಿಯನ್ನು ಕಟ್ಟಿದರು; ೨೦೧೦ರಲ್ಲಿ ಅದು ‘ಇರಾಸ್’ ಎಂಬ ಹೆಸರಿನ ಸಂಘವಾಯಿತು. ಶೀಘ್ರ ಚೇತರಿಕೆಯ ಈ ಕ್ರಮದಲ್ಲಿ ನೋವಿನ ಶಮನಕ್ಕೆ ಹೊಸ ಅರ್ಥ ಬಂದಿತು. ರೋಗಿಯು ಕೂಗದೆ ಮಲಗಿದ್ದರೆ ಸಾಕೆಂಬ ಅಳತೆಯು ಹೋಗಿ, ಅವನು ಎದ್ದು ಕೆಮ್ಮಿ ಉಂಡು ನಡೆಯಬಲ್ಲನೇ ಎಂಬ ಅಳತೆಯು ಬಂದಿತು.

ಬೆನ್ನೆಲುಬಿನ ವಿಭಾಗವು ಈ ಕ್ರಮವನ್ನು ಸ್ವೀಕರಿಸಿದುದು ಎಲ್ಲರಿಗಿಂತ ತಡವಾಗಿ. ಆದರೆ ಅದರ ಅವಶ್ಯಕತೆಯು ಇಲ್ಲಿದ್ದಷ್ಟು ಬೇರೆಡೆಯಲ್ಲಿ ಇರಲಿಲ್ಲ. ಜರ್ಮನಿಯ ಆಸ್ಪತ್ರೆಗಳಲ್ಲಿ ೧೭೯ ಬಗೆಯ ಶಸ್ತ್ರಕ್ರಿಯೆಗಳ ಮೊದಲ ದಿನದ ನೋವನ್ನು ಹೋಲಿಸಿ ೨೦೧೩ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆನ್ನುಮಣಿಗಳನ್ನು ಬೆಸೆಯುವ ಕ್ರಿಯೆಯು ಅತ್ಯಂತ ನೋವಿನ ಕೆಲವೇ ಕ್ರಿಯೆಗಳ ಸಾಲಿನಲ್ಲಿ ನಿಂತಿತು. ಎಲುಬಿನ ಮೇಲಣ ದಪ್ಪ ಸ್ನಾಯುಗಳನ್ನು ಸುಲಿದು ಬಿಡಿಸಬೇಕಾದುದು ಅದಕ್ಕೆ ಮುಖ್ಯ ಕಾರಣ. ಆದುದರಿಂದ ಶಮನವು ಶಸ್ತ್ರದಿಂದಲೇ ಆರಂಭವಾಗಬೇಕಾಗಿದ್ದಿತು. ೧೯೭೭ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಸೂಕ್ಷ್ಮದರ್ಶಕದ ಸಹಾಯದಿಂದ ಚಿಕ್ಕ ಗಾಯದ ಮೂಲಕ ಡಿಸ್ಕಿನ ಚೂರನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದ್ದರು. ೧೯೯೦ರ ದಶಕದಲ್ಲಿ ಸ್ನಾಯುಗಳನ್ನು ಸುಲಿಯದೆ, ನಡುವೆ ಕೊಳವೆಯನ್ನು ತೂರಿಸಿ ಕೆಲಸಮಾಡುವ ಕ್ರಮವು ಬಂದಿತು. ೨೦೧೬ರಲ್ಲಿ ಫೊರೇರೊ ಮತ್ತು ಅವನ ಸಂಗಡಿಗರು, ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುವಿನ ಅಡಿಗೆ, ಶಬ್ದತರಂಗದ ಯಂತ್ರದಲ್ಲಿ ನೋಡುತ್ತ ನೋಡುತ್ತ, ಮರಗಟ್ಟುವ ಔಷಧವನ್ನು ಹಾಕುವ ಕ್ರಮವನ್ನು ವಿವರಿಸಿದರು. ಎದೆಯ ನರದ ನೋವಿಗಾಗಿ ಹುಟ್ಟಿದ ಈ ಉಪಾಯವನ್ನು ಬೆನ್ನಿನ ಶಸ್ತ್ರವೈದ್ಯರು ಬೇಗನೆ ತಮ್ಮದಾಗಿ ಮಾಡಿಕೊಂಡರು. ಇದರ ಗುರಿ ಬೆನ್ನಿನ ಸ್ನಾಯುಗಳಿಗೆ ಹೋಗುವ ನರಶಾಖೆಗಳು. ಬೆನ್ನುಹುರಿಯಿಂದ ದೂರವಿರುವುದರಿಂದ ಕಾಲುಗಳ ಶಕ್ತಿಗೆ ಸಾಮಾನ್ಯವಾಗಿ ಕುಂದಿಲ್ಲ. ಪಾದ ಅಲುಗುವುದೇ ಎಂದು ನೋಡಬೇಕಾದ ವೈದ್ಯನು ನೋಡಬಹುದು. ನೋವಿಲ್ಲದಿರಬೇಕಾದ ರೋಗಿಯು ನೋವಿಲ್ಲದಿರಬಹುದು.

೨೦೧೭ರಲ್ಲಿ ಮಯಾಮಿಯ ಮೈಕೇಲ್ ವಾಂಗ್ ಮೊದಲಾದವರು ಸೊಂಟದ ಮಣಿಗಳ ಬೆ��ುಗೆಗೆ ಶೀಘ್ರ ಚೇತರಿಕೆಯ ಕ್ರಮವೊಂದನ್ನು ವರದಿಮಾಡಿದರು. ೨೦೨೧ರಲ್ಲಿ ಇರಾಸ್ ಸಂಘವು ಅದೇ ಶಸ್ತ್ರಕ್ರಿಯೆಗೆ ೨೮ ಶಿಫಾರಸುಗಳನ್ನು ಪ್ರಕಟಿಸಿತು. ಇಂಥ ಕ್ರಮಗಳ ರೂಪುರೇಖೆ ಹೀಗಿದೆ. ಏನು ನಡೆಯುವುದೆಂದೂ ಎಷ್ಟು ನೋವಾಗಬಹುದೆಂದೂ ಎಂದು ನಡೆಯಬೇಕೆಂದೂ ರೋಗಿಗೆ ಮೊದಲೇ ತಿಳಿಸಲಾಗುತ್ತದೆ. ಹೊಗೆಸೊಪ್ಪನ್ನು ಬಿಡಿಸಲಾಗುತ್ತದೆ, ರಕ್ತಹೀನತೆಯನ್ನು ಸರಿಪಡಿಸಲಾಗುತ್ತದೆ. ನಡುರಾತ್ರಿಯಿಂದ ನೀರನ್ನೂ ನಿಲ್ಲಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಅರಿವಳಿಕೆಗೆ ಎರಡು ಗಂಟೆಯ ಮುಂಚಿನವರೆಗೂ ತಿಳಿಯಾದ ಪಾನೀಯವನ್ನು ಕೊಡಲಾಗುತ್ತದೆ. ಪ್ಯಾರಾಸಿಟಮಾಲ್ ಮತ್ತು ಉರಿಯೂತವನ್ನು ತಗ್ಗಿಸುವ ಔಷಧಗಳು ತಳಹದಿ; ಗಾಯದ ಸುತ್ತ ಮರಗಟ್ಟುವ ಔಷಧ ಅದರ ಮೇಲೆ; ಅಫೀಮಿನ ಜಾತಿಯವು ಕೊರತೆ ಬಿದ್ದಲ್ಲಿ ಮಾತ್ರ. ಉರಿಯೂತದ ಔಷಧವು ಅತಿಯಾದರೆ ಎಲುಬಿನ ಬೆಸುಗೆಗೆ ಅಡ್ಡಿಯಾದೀತೆಂಬ ಶಂಕೆಯಿರುವುದರಿಂದ ಅದನ್ನು ಅಲ್ಪಕಾಲ ಮಾತ್ರ ಕೊಡುವವರುಂಟು. ನಳಿಗೆಗಳನ್ನು ಬೇಗನೆ ತೆಗೆದು, ಊಟವನ್ನು ಬೇಗನೆ ಕೊಟ್ಟು, ಸಾಧ್ಯವಾದರೆ ಅದೇ ದಿನ ರೋಗಿಯನ್ನು ನಿಲ್ಲಿಸಿ ನಡೆಯಿಸಲಾಗುತ್ತದೆ. ಇವುಗಳಲ್ಲಿ ಎಲ್ಲಕ್ಕೂ ಸಮಾನವಾದ ಪ್ರಮಾಣ ದೊರೆತಿಲ್ಲ. ಶಸ್ತ್ರಕ್ರಿಯೆಗೆ ಮೊದಲು ವ್ಯಾಯಾಮದಿಂದ ದೇಹವನ್ನು ಸಿದ್ಧಗೊಳಿಸುವ ವಿಚಾರದಲ್ಲಿ ಆಧಾರವು ದುರ್ಬಲವಾಗಿದ್ದುದರಿಂದ ಸಂಘವು ಅದನ್ನು ಶಿಫಾರಸಿನಲ್ಲಿ ಸೇರಿಸಲಿಲ್ಲ. ಈ ಪ್ರಾಮಾಣಿಕತೆಯೂ ಸ್ತುತ್ಯವೇ.

ಶಮನದ ಗುರಿಯನ್ನು ಮರೆತರೆ ಏನಾಗುವುದೆಂಬುದಕ್ಕೆ ಇದೇ ಕಾಲದ ಎರಡು ನಿದರ್ಶನಗಳಿವೆ. ಅಮೆರಿಕದಲ್ಲಿ ೧೯೯೦ರ ದಶಕದಿಂದ, ನಾಡಿ ಉಸಿರುಗಳನ್ನು ಅಳೆಯುವಂತೆ ನೋವನ್ನೂ ಅಳೆದು ಬರೆಯಬೇಕೆಂಬ ಚಳವಳಿಯು ನಡೆಯಿತು. ಉದ್ದೇಶವು ಒಳ್ಳೆಯದೇ. ಆದರೆ ನೋವಿನ ಅಂಕಿಯನ್ನು ಇಳಿಸುವುದೇ ಗುರಿಯಾದಾಗ, ೧೯೯೬ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ನಿನಂತಹ ಮಾತ್ರೆಗಳು ಬೆನ್ನುನೋವಿನವರಿಗೂ ಶಸ್ತ್ರಕ್ರಿಯೆಯಾದವರಿಗೂ ಧಾರಾಳವಾಗಿ ಸಿಕ್ಕಿದುವು. ಚಟವೂ ಮರಣವೂ ದೇಶವ್ಯಾಪಿಯಾದುವು. ಇತ್ತ ಭಾರತದಲ್ಲಿ ಆದುದು ಇದಕ್ಕೆ ವಿರುದ್ಧ. ಔಷಧಕ್ಕಾಗಿ ಅಫೀಮನ್ನು ನ್ಯಾಯವಾಗಿ ಬೆಳೆದು ಹೊರದೇಶಗಳಿಗೆ ಕಳುಹಿಸುವ ನಾಡು ನಮ್ಮದು. ಆದರೂ ೧೯೮೫ರ ಮಾದಕವಸ್ತುಗಳ ಕಾಯಿದೆಯ ಕಟ್ಟುಗಳ ಫಲವಾಗಿ ಇಲ್ಲಿಯ ಆಸ್ಪತ್ರೆಗಳಲ್ಲಿಯೇ ಮಾರ್ಫಿನ್ ದುರ್ಲಭವಾಯಿತು; ೨೦೧೪ರ ತಿದ್ದುಪಡಿಯು ಆ ಕಟ್ಟುಗಳನ್ನು ಸಡಿಲಿಸಿತು. ಒಂದೆಡೆ ಅತಿವೃಷ್ಟಿ, ಇನ್ನೊಂದೆಡೆ ಅನಾವೃಷ್ಟಿ. ಎರಡಕ್ಕೂ ಮೂಲವೊಂದೇ: ಔಷಧದ ಮೇಲೆ ನೆಟ್ಟ ದೃಷ್ಟಿಯು ರೋಗಿಯ ಕಡೆಗೆ ತಿರುಗದೆ ಹೋದುದು.

ಬೀರನು ಕಾಲಿನ ನೋವನ್ನು ಕಳೆಯಲು ಬೆನ್ನಿನ ಬಾಗಿಲನ್ನು ತಟ್ಟಿದನು. ಹಿಲ್ಟನ್ನನ ಶಿಷ್ಯರು ಬೆನ್ನನ್ನು ಕಾಪಾಡಲು ಕಾಲನ್ನು ಕಟ್ಟಿಹಾಕಿದರು. ಲಿಯೋನಿನ ವೈದ್ಯರು ಬೆನ್ನಿನ ಕ್ಷೇಮವನ್ನು ಪಾದದ ಚಲನೆಯಲ್ಲಿ ಕಂಡರು. ಇವರಾರೂ ಅವಿವೇಕಿಗಳಲ್ಲ. ತಮಗೆ ದೊರೆತ ಸಾಧನಗಳಿಂದ ತಮಗೆ ಕಂಡ ಅಪಾಯವನ್ನು ತಡೆಯಲು ಹೆಣಗಿದವರು. ಆದರೆ ನೋವೂ ಚಲನೆಯೂ ಒಂದೇ ದಾರಿಯಲ್ಲಿ ಸಾಗುವುವೆಂಬುದು ಅಡ್ಡಿಯೆಂದು ಅವರಿಗೆ ತೋರಿತು. ಅದೇ ಉಪಾಯವೆಂಬುದು ಬಹಳ ತಡವಾಗಿ ಹೊಳೆಯಿತು. ನಡೆಯಲೆಂದು ನೋವನ್ನು ಕಳೆಯಬೇಕು. ನಡೆದುದರಿಂದ ದೇಹದ ಬಲವೂ ಮನಸ್ಸಿನ ಧೈರ್ಯವೂ ಮರಳುತ್ತವೆ. ಶಸ್ತ್ರಕ್ರಿಯೆಯಾದ ಸಂಜೆ, ದಾದಿಯ ತೋಳನ್ನು ಹಿಡಿದು ಹಾಸಿಗೆಯಿಂದ ಬಾಗಿಲಿನವರೆಗೆ ರೋಗಿಯು ಇಡುವ ಹತ್ತು ಹೆಜ್ಜೆಗಳ ಹಿಂದೆ ನೂರಮೂವತ್ತು ವರ್ಷಗಳ ತಪ್ಪು, ತಿದ್ದು, ತಪಸ್ಸುಗಳಿವೆ.